ಸಹಾಯ ಬೇಕು: ಅಡಿಕೆ ತೋಟದ ಹಳೇ ಕೂಲಿ ಲೆಕ್ಕ ಯಾರ ಹತ್ತಿರವಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಓದುತ್ತಿದ್ದೇನೆ, ಊರು ತೀರ್ಥಹಳ್ಳಿ ಕಡೆ. ಅಡಿಕೆ ಕೆಲಸ ಮಾಡುವ ಹೆಂಗಸರ ಕೂಲಿ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ.

ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಅಂತ 1976ರಲ್ಲೇ ಕಾನೂನು ಬಂತು. ನಮ್ಮಲ್ಲಿ ಇನ್ನೂ ಗಂಡಾಳಿಗೊಂದು ರೇಟು, ಹೆಣ್ಣಾಳಿಗೊಂದು ರೇಟು, ಅಲ್ವಾ? ಕೇಳಿದರೆ 'ಗಂಡಸರು ಮರ ಹತ್ತಿ ಅಡಿಕೆ ಗೊನೆ ತೆಗೀತಾರೆ' ಅನ್ನುತ್ತಾರೆ. ಸರಿ, ಅದು ಬೇರೆ ಕೆಲಸ, ಒಪ್ಪುತ್ತೇನೆ. ಆದರೆ ಗೊಬ್ಬರ ಹೊರುವುದು, ಸೊಪ್ಪು ಹಾಕುವುದು ಇಬ್ಬರೂ ಮಾಡುತ್ತಾರಲ್ಲ?

ಅಡಿಕೆ ಸುಲಿಯುವುದರ ಕಥೆಯೇ ಬೇರೆ. ಅಲ್ಲಿ ಡಬ್ಬದ ಲೆಕ್ಕ, ಸುಲಿದಷ್ಟು ದುಡ್ಡು. ಆದರೆ ಹೆಂಗಸರು ಅಡುಗೆ, ಕೊಟ್ಟಿಗೆ ಎಲ್ಲ ಮುಗಿಸಿ ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರಬೇಕು. ನಮ್ಮ ಅಜ್ಜಿಯ ಬೆರಳಿನ ಕಪ್ಪು ಕಲೆ ಸೀಸನ್ ಮುಗಿದರೂ ಹೋಗುತ್ತಿರಲಿಲ್ಲ. ಈಗ ಸುಲಿಯುವ ಮಿಷನ್ ಬಂದಿದೆ. ಬೆನ್ನಿಗೆ ಆರಾಮ, ನಿಜ. ಆ ದುಡ್ಡು ಮಾತ್ರ ಯಾರ ಕೈಗೆ ಹೋಗುತ್ತಿದೆ? ನನಗೆ ಬೇಕಿರುವುದು ಇದೇ.

ಮನೆ ಅಟ್ಟದಲ್ಲಿ ಹಳೇ ಕೂಲಿ ಲೆಕ್ಕದ ಪುಸ್ತಕ ಇದ್ದರೆ ದಯವಿಟ್ಟು ಫೋಟೋ ಕಳಿಸಿ. ಹೆಸರು ಮುಚ್ಚಿಯೇ ಕಳಿಸಿ, ನನಗೆ ವರ್ಷ ಮತ್ತು ರೇಟು ಸಾಕು. ಸಾಗರ, ಹೊಸನಗರ ಕಡೆ ಸುಲಿಯಲು ಹೋಗುವ ಅಕ್ಕಂದಿರ ಪರಿಚಯ ಇದ್ದರೂ ತಿಳಿಸಿ. ನಾನೇ ಅವರ ಸ್ವಸಹಾಯ ಸಂಘದ ವಾರದ ಮೀಟಿಂಗಿಗೆ ಬಂದು ಮಾತಾಡಿಸಿದರೆ ಒಳ್ಳೇದು ಅನ್ನಿಸುತ್ತೆ. ಯಾಕೆಂದರೆ ಹೋದ ವಾರ ಒಂದು ಮನೆಯಲ್ಲಿ ನಾನು ಅತ್ತೆಯವರನ್ನು ಕೇಳಿದ್ದಕ್ಕೆಲ್ಲ ಮಾವನವರೇ ಉತ್ತರ ಕೊಟ್ಟರು!

ಮುಂದಿನ ತಿಂಗಳು ಪೂರ್ತಿ ಊರಲ್ಲೇ ಇರುತ್ತೇನೆ. ಕಾಮೆಂಟ್ ಅಥವಾ ಮೆಸೇಜ್ ಮಾಡಿ.