ಪಕ್ಕದೂರಲ್ಲಿ ಕಾಲರಾ ಇದೆ ಅಂತ ಸಣ್ಣ ದವಾಖಾನೆ ಡಾಕ್ಟರಿಗೆ ಗೊತ್ತಾಗೋದು ಹೇಗೆ?

ಗದಗ ಕಡೆಯ ಡಾಕ್ಟರ್:

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನನ್ನದೊಂದು ಸಣ್ಣ ದವಾಖಾನೆ ಇದೆ. ಎರಡು ಕಾಟು, ಒಬ್ಬ ಕಂಪೌಂಡರ್, ಪಕ್ಕದಲ್ಲೇ ಔಷಧ ಅಂಗಡಿ.

ಹೋದ ಮಳೆಗಾಲದ ಶುರುವಿನಲ್ಲಿ ನಡೆದದ್ದು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬ ಹೆಂಗಸನ್ನು ಟಂಟಂನಲ್ಲಿ ಮಲಗಿಸಿಕೊಂಡು ಬಂದಿದ್ದರು. "ರಾತ್ರಿಯಿಂದ ಒಂದೇ ಸವನೆ ವಾಂತಿ ಸಂಡಾಸ ಹತ್ತೇತ್ರಿ ಡಾಕ್ಟರ" ಅಂದ ಗಂಡ. ಕಣ್ಣು ಗುಳಿ ಬಿದ್ದಿದ್ದವು. ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಭೇದಿ ಅಕ್ಕಿ ತೊಳೆದ ನೀರಿನ ಬಣ್ಣ. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಎರಡೂ ಕೈಗೆ ಸಲೈನ್ ಹಚ್ಚಿ ರಿಂಗರ್ ಲ್ಯಾಕ್ಟೇಟ್ ಜೋರಾಗಿ ಬಿಟ್ಟೆವು. ಮೈತೂಕದ ಕಿಲೋಗೆ 30 ಎಂಎಲ್ ಲೆಕ್ಕದಲ್ಲಿ ಅರ್ಧ ಗಂಟೆಯಲ್ಲಿ ಒಳಗೆ ಹೋದ ಮೇಲೆ ನಾಡಿ ಬಂತು. ಉಳಿದ 70 ಎಂಎಲ್ ಎರಡೂವರೆ ಗಂಟೆಯಲ್ಲಿ ಹೋಗಬೇಕು ಅಂತ ಚೀಟಿ ಬರೆದು, 108 ಕರೆಸಿ, ದೊಡ್ಡಾಸ್ಪತ್ರೆಗೆ ಕಳಿಸಿದೆ. ಆರಾಮಾಗಿ ಮನೆಗೆ ಹೋದರು.

ನನ್ನ ಸಿಟ್ಟು ಬೇರೆ. ಆ ಊರಲ್ಲಿ ಒಂದು ವಾರದಿಂದ ವಾಂತಿ-ಭೇದಿ ನಡೆದೇ ಇತ್ತಂತೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಶಾಲೆಯಲ್ಲಿ ಚಿಕಿತ್ಸೆ ಕೊಡಲು ಶುರು ಮಾಡಿದ್ದರಂತೆ. ನನಗೆ ಗೊತ್ತಾದದ್ದು ಮರುದಿನ, ಪೇಪರಿನ ಜಿಲ್ಲಾ ಪುಟ ನೋಡಿ! ಆ ಊರಿನವರು ವಾರವಿಡೀ ಬಸ್ ಹತ್ತಿ ನನ್ನ ಹತ್ತಿರ ಬರುತ್ತಲೇ ಇದ್ದರು. ಒಂದು ಮಾತು ಕಿವಿಗೆ ಬಿದ್ದಿದ್ದರೆ ಮೊದಲು ಬಂದವರಿಂದಲೇ ಸ್ಯಾಂಪಲ್ ಹೋಗುತ್ತಿತ್ತು.

ಫ್ಲೂ ಕಥೆ ಇದರ ಉಲ್ಟಾ. ಅಲ್ಲಿ ಮಾಹಿತಿಯೇ ಜಾಸ್ತಿ. ವಾಟ್ಸಾಪ್‌ನಲ್ಲಿ ದಿನಾ ಪಿಡಿಎಫ್. ಅರ್ಧ ಹಳೆಯದು, ಉಳಿದರ್ಧ ಯಾವ ರಾಜ್ಯದ್ದೋ ಏನೋ. ಯಾರಿಗೆ ಫ್ಲೂ ಮಾತ್ರೆ ಒಸೆಲ್ಟಾಮಿವಿರ್ ಕೊಡಬೇಕು, ಯಾರ ಗಂಟಲ ಸ್ವ್ಯಾಬ್ ತೆಗೆಯಬೇಕು ಅನ್ನೋದು ಎಲ್ಲೋ ಕೊನೆಯ ಪುಟದಲ್ಲಿ ಅಡಗಿರುತ್ತೆ. ಮುಂದೆ ಪೇಷೆಂಟ್ ಕೂತಿರುವಾಗ ಅದನ್ನು ಹುಡುಕುತ್ತಾ ಕೂರೋಕಾಗುತ್ತಾ?

ಖಾಸಗಿ ಡಾಕ್ಟರಿಗೆ ಸುದ್ದಿ ಬರುವ ದಾರಿ ಯಾವುದು? ನಿಮ್ಮ ಕಡೆ ಹೇಗೆ ಮಾಡಿಕೊಂಡಿದ್ದೀರಿ?

ಹಾವೇರಿ ಸರ್ವೇಲನ್ಸ್:

ಸರ್, ನಾನು ಹಾವೇರಿ ಜಿಲ್ಲೆಯಲ್ಲಿ ರೋಗಗಳ ಮೇಲೆ ಕಣ್ಣಿಡುವ (ಸರ್ವೇಲನ್ಸ್) ಕೆಲಸದಲ್ಲಿದ್ದೇನೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಒಂದು ಕೇಳ್ತೀನಿ, ಬೇಜಾರಾಗಬೇಡಿ. ನಿಮ್ಮ ದವಾಖಾನೆಯಿಂದ ಪಿ ಫಾರ್ಮ್, ಅಂದರೆ ಡಾಕ್ಟರು ಕೊಡುವ ರೋಗದ ವರದಿ, ಹೋಗುತ್ತಾ?

2004ರಲ್ಲಿ ಐಡಿಎಸ್‌ಪಿ (ದೇಶದ ರೋಗ ಕಣ್ಗಾವಲು ಯೋಜನೆ) ಶುರುವಾದಾಗಿನಿಂದ ಮೂರು ಫಾರ್ಮ್ ಇವೆ. ಎಸ್ ಆರೋಗ್ಯ ಕಾರ್ಯಕರ್ತೆಯರದ್ದು, ಪಿ ಡಾಕ್ಟರದ್ದು, ಎಲ್ ಲ್ಯಾಬಿನದ್ದು. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಬರುತ್ತಿತ್ತು. 2021ರಿಂದ ಐಎಚ್‌ಐಪಿ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ ದಿನದ್ದು ದಿನವೇ ಹಾಕಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳೆಲ್ಲ ಅದರಲ್ಲಿವೆ, ಖಾಸಗಿಯವರು ಕಡಿಮೆ. ಏನಾದರೂ ಆದಾಗ ನಾವು ಗಡಿಬಿಡಿಯಲ್ಲಿ ಯಾರಿಗೆ ಫೋನ್ ಮಾಡುತ್ತೇವೆ? ವರದಿ ಕೊಡುವವರ ನಂಬರ್ ಇರುತ್ತಲ್ಲ, ಅವರಿಗೇ. ಸುದ್ದಿ ಮೇಲೆ ಹೋಗೋದಕ್ಕೆ ಪೋರ್ಟಲ್ ಇದೆ. ಕೆಳಗೆ ಬರೋದು ಮಾತ್ರ ಪರಿಚಯದ ಮೇಲೆ. ಇದು ಸರಿಯಲ್ಲ, ಆದರೆ ಸದ್ಯ ನಡೆಯುತ್ತಿರೋದು ಹೀಗೆ.

ಕಾಲರಾಕ್ಕೆ ಹತ್ತು ಕೇಸ್ ಆಗಲಿ ಅಂತ ಕಾಯಬೇಡಿ. 5 ವರ್ಷ ದಾಟಿದ ಒಬ್ಬರೇ ಒಬ್ಬರಿಗೆ ಭೇದಿಯಿಂದ ನೀರಿನಂಶ ಪೂರ್ತಿ ಬತ್ತಿ ಹೋಗಿದ್ದರೂ ಸಾಕು, ಟಿಎಚ್‌ಒ (ತಾಲ್ಲೂಕು ಆರೋಗ್ಯಾಧಿಕಾರಿ) ಅಥವಾ ಡಿಎಸ್‌ಒಗೆ (ಜಿಲ್ಲಾ ಸರ್ವೇಲನ್ಸ್ ಅಧಿಕಾರಿ) ಆಗಲೇ ಫೋನ್ ಮಾಡಿ. ವಯಸ್ಸು, ಶುರುವಾದ ಹೊತ್ತು, ಮನೆಯಲ್ಲಿ ಬೇರೆ ಯಾರಿಗಾದರೂ ಆಗಿದೆಯಾ, ಕುಡಿಯೋದು ನಲ್ಲಿ ನೀರಾ ಬೋರಿನದಾ ಅಂತ ಹೇಳಿ. ಎಲ್ಲಕ್ಕಿಂತ ಮುಖ್ಯ ಓಣಿ ಹೆಸರು. ನಮ್ಮ ಊರುಗಳಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ, ಕೆಲವು ಕಡೆ ವಾರಕ್ಕೊಮ್ಮೆ ಬರೋದು. ಮಧ್ಯೆ ಪೈಪು ಖಾಲಿ ಇದ್ದಾಗ ಒಡೆದ ಜಾಗದಿಂದ ಗಟಾರದ ನೀರು ಒಳಗೆ ಹೋಗುತ್ತೆ. ಓಣಿ ಗೊತ್ತಾದರೆ ವಾಟರ್‌ಮನ್ ನೇರ ಆ ವಾಲ್ವ್ ಹತ್ತಿರ ಹೋಗುತ್ತಾನೆ. ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿದೆಯಾ ಅಂತ ಅಲ್ಲೇ ನೋಡಬಹುದು. ಬರೀ ಊರ ಹೆಸರು ಹೇಳಿದರೆ ಅರ್ಧ ದಿನ ಹುಡುಕೋದರಲ್ಲೇ ಹೋಗುತ್ತೆ.

ಇನ್ನು ಪಿಡಿಎಫ್ ಮಾತು. ನಾನು ಡಾಕ್ಟರುಗಳಿಗೆ ಹಾಕೋದು ಇಷ್ಟೇ:

"ಇಂಥ ಊರು, ಕೆಳಗಿನ ಓಣಿ. ಮೂರು ದಿನದಿಂದ ನೀರು ಭೇದಿ. ಲ್ಯಾಬ್ ಫಲಿತಾಂಶ ಇನ್ನೂ ಬಂದಿಲ್ಲ. ಈ ಕಡೆಯವರು ಬಂದರೆ ಆಂಟಿಬಯೋಟಿಕ್‌ಗೆ ಮೊದಲು ಭೇದಿಯ ಸ್ಯಾಂಪಲ್ ತೆಗೆಯಿರಿ. ಸ್ಯಾಂಪಲ್ ಬಾಟಲಿ ಬೇಕಿದ್ದರೆ ಈ ನಂಬರಿಗೆ ಫೋನ್ ಮಾಡಿ. ಮುಂದಿನ ಸುದ್ದಿ ನಾಳೆ ಸಂಜೆ."

ಕೊನೆಯ ಸಾಲು ಬಿಡಬಾರದು. ಅದಿಲ್ಲದಿದ್ದರೆ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಫೋನ್ ಮಾಡಿ "ಏನಾಯ್ತು, ಏನಾಯ್ತು" ಅಂತ ಕೇಳುತ್ತಾರೆ. ಫಲಿತಾಂಶ ಬರದೇ ಇದ್ದರೆ ಬಂದಿಲ್ಲ ಅಂತಲೇ ಮರುದಿನ ಹಾಕಬೇಕು.

ಹುಬ್ಬಳ್ಳಿ ಮೈಕ್ರೋಬಯಾಲಜಿ:

ಲ್ಯಾಬ್ ಕಡೆಯಿಂದ ನಂದೂ ಸ್ವಲ್ಪ ಸೇರಿಸ್ತೀನಿ. ಕಾಲರಾ ಸ್ಯಾಂಪಲ್‌ನ ದಯವಿಟ್ಟು ಐಸ್‌ನಲ್ಲಿ ಇಡಬೇಡಿ! ಕ್ಯಾರಿ-ಬ್ಲೇರ್ (ರೋಗಾಣು ಸಾಯದಂತೆ ಕಾಪಾಡುವ ಮಾಧ್ಯಮ) ಬಾಟಲಿಯಲ್ಲಿ ಹಾಕಿ ಹೊರಗಿನ ತಾಪಮಾನದಲ್ಲೇ ಕಳಿಸಿ. ಫ್ಲೂ ಸ್ವ್ಯಾಬ್ ಹಾಗಲ್ಲ. ಅದು ವೈರಸ್ ಕಾಪಾಡುವ ವಿಟಿಎಂ ದ್ರವದಲ್ಲಿ, 2ರಿಂದ 8 ಡಿಗ್ರಿಯಲ್ಲಿ ಬರಬೇಕು. ಎರಡನ್ನೂ ಒಂದೇ ಐಸ್ ಬಾಕ್ಸ್‌ಗೆ ತುರುಕಿ ಬಸ್ಸಿನಲ್ಲಿ ಕಳಿಸುವವರು ಇದ್ದಾರೆ. ಆಮೇಲೆ ನಾವು ರೋಗಾಣು ಬೆಳೆಸಿ ನೋಡಿ "ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ" ಅಂದರೆ ನಮ್ಮ ಮೇಲೆ ಬೇಜಾರು.

ಡಾಕ್ಸಿ (ಡಾಕ್ಸಿಸೈಕ್ಲಿನ್ ಆಂಟಿಬಯೋಟಿಕ್) ನುಂಗಿಸಿದ ಮೇಲೆ ತೆಗೆದ ಸ್ಯಾಂಪಲ್ ನೆಗೆಟಿವ್ ಬಂದರೆ ಅದನ್ನು ನಂಬಿಕೊಂಡು ಕೂರಬೇಡಿ. ಬೇಗ ಫಲಿತಾಂಶ ಕೊಡುವ ಸ್ಟ್ರಿಪ್ ಟೆಸ್ಟ್ ಪಾಸಿಟಿವ್ ಬಂದರೂ ಅದು ಎಚ್ಚರಿಕೆಯ ಗಂಟೆ ಅಷ್ಟೇ, ಕಲ್ಚರ್ ಮಾಡಿಯೇ ಖಾತ್ರಿಯಾಗಬೇಕು. ಅದಕ್ಕೆ ಎರಡು ದಿನವಾದರೂ ಬೇಕು. ಚಿಕಿತ್ಸೆ ಮಾತ್ರ ನಮಗಾಗಿ ಕಾಯಬಾರದು. ಓಆರ್‌ಎಸ್, ಸಲೈನ್ ಆಗಲೇ ಶುರುವಾಗಿರಬೇಕು.

ಇನ್ನೊಂದು. ಸ್ಯಾಂಪಲ್ ಜೊತೆಗಿನ ಫಾರ್ಮ್‌ನಲ್ಲಿ ಡಾಕ್ಟರ ಮೊಬೈಲ್ ನಂಬರೇ ಇರಲ್ಲ, ಬರೀ ಒಂದು ಸಹಿ, ಅದೂ ಓದೋಕಾಗಲ್ಲ. ನಾನು ರಿಪೋರ್ಟ್ ಯಾರಿಗೆ ಹೇಳಲಿ? ನಂಬರ್ ದಪ್ಪಕ್ಷರದಲ್ಲಿ ಬರೆಯಿರಿ. ರೋಗಾಣು ಯಾವ ಔಷಧಕ್ಕೆ ಬಗ್ಗುತ್ತೆ, ಯಾವುದಕ್ಕೆ ಬಗ್ಗಲ್ಲ ಅನ್ನೋದನ್ನೂ ಕೇಳಿ. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 300 ಮಿಲಿಗ್ರಾಂ ಒಂದೇ ಡೋಸ್ ಅಂತ ಎಲ್ಲರಿಗೂ ಬಾಯಿಪಾಠ. ಅದು ನಡೆಯದಿದ್ದರೆ ಅಜಿತ್ರೋಮೈಸಿನ್ 1 ಗ್ರಾಂ. ಆದರೆ ಈ ಸಲ ಯಾವುದು ನಡೆಯುತ್ತೆ ಅಂತ ಹೇಳೋದು ಲ್ಯಾಬೇ.

ಗದಗ ಕಡೆಯ ಡಾಕ್ಟರ್:

ಹಾವೇರಿ ಸರ್, ಪಿ ಫಾರ್ಮ್ ಹೋಗಲ್ಲ, ನಿಜ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ ಮತ್ತೆ ಟೈಪ್ ಮಾಡುತ್ತಾ ಕೂರುವ ತ್ರಾಣ ಯಾರಿಗಿದೆ? ಇನ್ನೊಂದು ತೊಡಕೂ ಇದೆ. ಫೋನ್ ಮಾಡಿದರೆ ಪಂಚಾಯಿತಿಯವರು "ನಮ್ಮ ಊರ ಹೆಸರು ಕೆಡಿಸಿದ್ರಿ" ಅಂತ ದವಾಖಾನೆಗೇ ಬರುತ್ತಾರೆ. ನಾನು ಅವರ ನಡುವೆಯೇ ಇರಬೇಕಲ್ವಾ.

ಮೇಡಂ, ಐಸ್ ವಿಷಯ ಕಂಪೌಂಡರ್‌ಗೆ ಓದಿ ಹೇಳಿದೆ. ಥ್ಯಾಂಕ್ಸ್.

ಧಾರವಾಡದ ಹಳೇ ಫ್ಯಾಮಿಲಿ ಡಾಕ್ಟರ್:

ತಮ್ಮಾ, ಫ್ಲೂಗೆ ನಾನು ಮಾಡಿಕೊಂಡದ್ದು ಹೇಳ್ತೀನಿ. ಕೇಂದ್ರ ಆರೋಗ್ಯ ಇಲಾಖೆಯ ಎ-ಬಿ-ಸಿ ವಿಂಗಡಣೆಯನ್ನು ಒಂದೇ ಹಾಳೆಯಲ್ಲಿ ಕೈಯಲ್ಲಿ ಬರೆದು ಟೇಬಲ್ ಗಾಜಿನ ಕೆಳಗೆ ಇಟ್ಟಿದ್ದೇನೆ. ಎ ಅಂದರೆ ಸಣ್ಣ ಜ್ವರ, ಕೆಮ್ಮು, ಗಂಟಲು ನೋವು. ಟೆಸ್ಟೂ ಬೇಡ, ಒಸೆಲ್ಟಾಮಿವಿರೂ ಬೇಡ, ಮನೆಯಲ್ಲಿರಲಿ. ಬಿ ಅಂದರೆ ಜ್ವರ, ಗಂಟಲು ನೋವು ಜೋರು, ಇಲ್ಲವೇ ಗರ್ಭಿಣಿ, 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆ ಇರುವವರು. ಗರ್ಭಿಣಿಯಿಂದ ಹಿಡಿದು ಕಿಡ್ನಿ ತೊಂದರೆಯವರವರೆಗಿನ ಈ ಅಪಾಯದ ಗುಂಪಿಗೆ ಟೆಸ್ಟ್‌ಗೆ ಕಾಯದೆ ಮಾತ್ರೆ ಶುರು. ದೊಡ್ಡವರಿಗೆ 75 ಮಿಲಿಗ್ರಾಂ, ದಿನಕ್ಕೆರಡು, 5 ದಿನ. 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಉಪಯೋಗ. ಸಿ ಅಂದರೆ ಉಸಿರಾಟದ ತೊಂದರೆ, ಎದೆನೋವು, ಮಂಪರು, ಬಿಪಿ ಇಳಿಯೋದು, ಕಫದಲ್ಲಿ ರಕ್ತ, ಉಗುರು ನೀಲಿ. ಅವರು ಆಸ್ಪತ್ರೆಗೆ, ಸ್ವ್ಯಾಬ್ ಅವರದ್ದೇ.

2017ಕ್ಕೆ ಮೊದಲು ಈ ಮಾತ್ರೆ ಶೆಡ್ಯೂಲ್ ಎಕ್ಸ್ ಅನ್ನೋ ಬಿಗಿ ನಿಯಮದ ಔಷಧ ಪಟ್ಟಿಯಲ್ಲಿತ್ತು, ಅಂಗಡಿಯಲ್ಲಿ ಸಿಗೋದೇ ಕಷ್ಟ. ಈಗ ಅಷ್ಟು ಬಿಗಿಯಿಲ್ಲದ ಎಚ್1 ಪಟ್ಟಿಯಲ್ಲಿದೆ. ಸಿಗುತ್ತೆ ಅಂತ ಎಲ್ಲ ನೆಗಡಿಗೂ ಬರೆಯುವ ಹುಡುಗರನ್ನು ನೋಡಿದರೆ ತಲೆ ಕೆಡುತ್ತೆ.

ಫ್ಲೂಗೆ ದಿನದ ಸುದ್ದಿ ಬೇಕಿಲ್ಲ. ನಮ್ಮಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಒಂದು ಅಲೆ, ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು. ಆಗ ವಾರಕ್ಕೊಮ್ಮೆ "ಈಗ ಓಡುತ್ತಿರೋದು ಎಚ್1ಎನ್1, ಎಚ್3ಎನ್2 ಅಥವಾ ಬಿ ತಳಿಯ ಫ್ಲೂ" ಅಂತ ಯಾರಾದರೂ ಹೇಳಿದರೆ ಸಾಕು. ಲಸಿಕೆಯ ತಳಿ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಫೆಬ್ರುವರಿ ಮತ್ತು ಸೆಪ್ಟೆಂಬರ್‌ನಲ್ಲಿ ಹೇಳುತ್ತೆ. ಡಬ್ಬಿ ಮೇಲೆ ಯಾವ ಸೀಸನ್ನಿನದು ಅಂತ ನೋಡಿಯೇ ಚುಚ್ಚಿ, ಮೊದಲು ನೀವು ಹಾಕಿಸಿಕೊಳ್ಳಿ.

ಆಮೇಲೆ ವಾಟ್ಸಾಪ್. ನಮ್ಮ ಡಾಕ್ಟರುಗಳ ಒಂದು ಗುಂಪಿನಲ್ಲಿ ಅಡ್ಮಿನ್ ಇಬ್ಬರೇ ಬರೆಯಬಹುದು. ಶುಭೋದಯ, ಗುಲಾಬಿ ಹೂವು, ಮೊಮ್ಮಗನ ಬರ್ತ್‌ಡೇ ಎಲ್ಲ ಬೇರೆ ಗುಂಪಿಗೆ. ಮೊದಮೊದಲು ಹಿರಿಯರು ಮುನಿಸಿಕೊಂಡರು. ಈಗ ಆ ಗುಂಪಿನ ಫೋನ್ ಸದ್ದು ಮಾಡಿದರೆ ಎಲ್ಲರೂ ತೆಗೆದು ನೋಡುತ್ತಾರೆ.

ಹಾವೇರಿ ಸರ್ವೇಲನ್ಸ್:

ಪಂಚಾಯಿತಿ ವಿಷಯಕ್ಕೆ: ಯಾರು ಫೋನ್ ಮಾಡಿದರು ಅಂತ ನಾನಂತೂ ಯಾವತ್ತೂ ಬಾಯಿ ಬಿಡಲ್ಲ. ನೀವೂ ಫೋನ್ ಮಾಡುವಾಗ ಮೊದಲೇ "ನನ್ನ ಹೆಸರು ಬೇಡ" ಅಂತ ಹೇಳಿಬಿಡಿ. ನಮ್ಮವರು ಆಶಾ ಜೊತೆ ಮನೆಮನೆ ತಿರುಗೋದು ಹೇಗೂ ಇದ್ದದ್ದೇ, ಅದರಲ್ಲೇ ಕೇಸ್ ಸಿಕ್ಕಿತು ಅಂದುಕೊಳ್ಳುತ್ತಾರೆ.

ಲಾಗಿನ್‌ಗೆ ನಿಮ್ಮ ಜಿಲ್ಲೆಯ ಡಿಎಸ್‌ಒ ಕಚೇರಿಯಲ್ಲಿ ಕೇಳಿ. ಟೈಪ್ ಮಾಡೋದು ಕಂಪೌಂಡರ್‌ಗೆ ಕಲಿಸಿ, ನೀವು ಬರೀ ರಿಜಿಸ್ಟರ್‌ನಲ್ಲಿ ರೋಗದ ಹೆಸರು ಬರೆದಿಡಿ. ಕೇಸ್ ಇಲ್ಲದ ದಿನ ಖಾಲಿ ಬಿಡಬೇಡಿ ಅಂತ ಅವರಿಗೆ ಹೇಳಿ. ಸೊನ್ನೆ ಅಂತ ಹಾಕಬೇಕು. ಖಾಲಿ ಇದ್ದರೆ ದವಾಖಾನೆ ಮುಚ್ಚಿತ್ತಾ, ರೋಗ ಇರಲಿಲ್ವಾ ಅಂತ ನಮಗೆ ತಿಳಿಯಲ್ಲ.