ಫ್ಲೂ ಲಸಿಕೆ ಬೇಡ ಅನ್ನೋ ಸಿಬ್ಬಂದಿಗೆ ಏನು ಹೇಳೋದು?

ಪ್ರಶ್ನೆ: ಮುಂಗಾರಿಗೆ ಮುಂಚೆ ನರ್ಸ್‌ಗಳು, ಲ್ಯಾಬ್, ಹೌಸ್‌ಕೀಪಿಂಗ್ ಎಲ್ಲರಿಗೂ ಉಚಿತವಾಗಿ ಲಸಿಕೆ ಹಾಕಿಸಬೇಕು. ಕೇಳಿದರೆ ಮೂರೇ ಉತ್ತರ: ‘ಹಾಕಿಸಿಕೊಂಡರೇ ಜ್ವರ ಬರುತ್ತೆ’, ‘ಹೋದ ವರ್ಷ ಹಾಕಿಸಿದೀನಿ’, ‘ಜ್ವರ ಬಂದ್ರೆ ರಜೆ ಹಾಕ್ತೀನಿ ಬಿಡಿ’. ನೈಟ್ ಡ್ಯೂಟಿಯವರಂತೂ ಕೈಗೇ ಸಿಗಲ್ಲ. ಹೇಗೆ ಮಾಡೋದು?

ಉತ್ತರ 1: ಮೂರನೇ ಮಾತಿನಿಂದಲೇ ಶುರು ಮಾಡಿ ಮೇಡಂ. ಜ್ವರ ಕಾಣಿಸುವ ಒಂದು ದಿನ ಮುಂಚೆಯೇ ಫ್ಲೂ ಹರಡತೊಡಗುತ್ತೆ. ರಜೆ ಚೀಟಿ ಬರೆಯೋ ಹೊತ್ತಿಗೆ ಡಯಾಲಿಸಿಸ್ ರೋಗಿಗೆ ಅಂಟಿಸಿ ಆಗಿರುತ್ತೆ. ಚುಚ್ಚುವ ಲಸಿಕೆಯಲ್ಲಿರೋದು ಸತ್ತ ವೈರಸ್, ಅದರಿಂದ ಫ್ಲೂ ಬರೋಕೆ ಸಾಧ್ಯವೇ ಇಲ್ಲ. ತೋಳುನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ರಕ್ಷಣೆ ಸಿಗೋಕೆ ಸುಮಾರು ಎರಡು ವಾರ ಬೇಕು. ಅಷ್ಟರೊಳಗೆ ವಾರ್ಡಿನಲ್ಲಿ ತಗುಲಿದ ನೆಗಡಿಯೂ ಲಸಿಕೆ ತಲೆಗೇ ಬರುತ್ತೆ, ಇದನ್ನು ಮೊದಲೇ ಹೇಳಿಬಿಡಿ. ವೈರಸ್ ಬದಲಾಗುತ್ತೆ, ರಕ್ಷಣೆಯೂ ಇಳಿಯುತ್ತೆ, ಅದಕ್ಕೇ ಪ್ರತಿ ವರ್ಷ ಹಾಕಿಸೋದು. ನೂರಕ್ಕೆ ನೂರು ಅಂತ ಮಾತ್ರ ಹೇಳಬೇಡಿ. ಲಸಿಕೆಯ ತಳಿ ಆ ವರ್ಷ ಹರಡುವ ವೈರಸ್‌ಗೆ ಸರಿಹೊಂದಿದರೂ ಫ್ಲೂಗೆ ಆಸ್ಪತ್ರೆ, ಕ್ಲಿನಿಕ್ ಹತ್ತುವ ಸಾಧ್ಯತೆ ತಗ್ಗೋದು ಶೇ. 40ರಿಂದ 60ರಷ್ಟು.

ಉತ್ತರ 2: ಎಷ್ಟೋ ಜನರದು ವಿರೋಧ ಅಲ್ಲ, ಕ್ಯಾಂಪ್ ರೂಮಿಗೆ ಹೋಗೋಕೆ ಪುರುಸೊತ್ತಿಲ್ಲ ಅಷ್ಟೇ. ಲಸಿಕೆಯ ಟ್ರಾಲಿಯನ್ನೇ ಬೆಳಿಗ್ಗೆ, ರಾತ್ರಿ ಪಾಳಿ ಬದಲಾಗುವ ಹ್ಯಾಂಡೋವರ್ ಸಮಯಕ್ಕೆ ವಾರ್ಡಿಗೆ ಒಯ್ಯಿರಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್ ನೇರ ಇಟ್ಟರೆ ಲಸಿಕೆ ಹೆಪ್ಪುಗಟ್ಟುತ್ತೆ, ಹಾಗಾದದ್ದನ್ನು ಎಸೆಯಲೇಬೇಕು. ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳೋವರೆಗೆ ಪ್ಯಾಕನ್ನು ಹೊರಗಿಟ್ಟು ಆಮೇಲೆ ಲಸಿಕೆ ಒಯ್ಯುವ ತಂಪು ಡಬ್ಬಿಗೆ (ಕ್ಯಾರಿಯರ್‌ಗೆ) ಹಾಕಿ. ತೀವ್ರ ಅಲರ್ಜಿಯಾದರೆ ಕೊಡೋಕೆ ಟ್ರಾಲಿಯಲ್ಲಿ ಅಡ್ರಿನಲಿನ್ ಇರಲಿ, ಹಾಕಿಸಿಕೊಂಡವರು 15 ನಿಮಿಷ ಕೂತಿರಲಿ.

ಇನ್ನೊಂದು, ಯಾರೂ ಗಮನಿಸದ ವಿಷಯ. ಬ್ಲೌಸಿನ ತೋಳು ಬಿಗಿಯಾಗಿದ್ದರೆ ಕುತ್ತಿಗೆ ಕಡೆಯಿಂದ ಸ್ವಲ್ಪ ಜಾರಿಸಿ ಚುಚ್ಚಿಬಿಡ್ತಾರೆ. ಸೂಜಿ ತೀರಾ ಮೇಲೆ ಬಿದ್ದು ಭುಜದ ಕೀಲಿಗೆ ಪೆಟ್ಟಾದರೆ ತಿಂಗಳುಗಟ್ಟಲೆ ಕೈ ಎತ್ತೋಕಾಗಲ್ಲ. ಅಂಥ ಒಬ್ಬರನ್ನು ನೋಡಿದರೆ ಸಾಕು, ಇಡೀ ಹೌಸ್‌ಕೀಪಿಂಗ್ ತಂಡ ಬೇಡ ಅನ್ನುತ್ತೆ. ಪರದೆ ಕಟ್ಟಿ, ತೋಳು ಪೂರ್ತಿ ಬಿಡಿಸಿ, ಭುಜದ ಮೂಳೆಯ ಅಂಚಿನಿಂದ ಎರಡು ಮೂರು ಬೆರಳು ಕೆಳಗೆ, ನೆಟ್ಟಗೆ ಸ್ನಾಯುವಿಗೆ 0.5 ಮಿ.ಲೀ. ಕೊಡಿ.

ಉತ್ತರ 3: ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ 2005ರಲ್ಲಿ ಸಿಬ್ಬಂದಿಗೆ ಫ್ಲೂ ಲಸಿಕೆ ಕಡ್ಡಾಯ ಮಾಡಿತು, ಮೊದಲ ವರ್ಷವೇ ಹಾಕಿಸಿಕೊಂಡವರ ಪ್ರಮಾಣ ಶೇ. 97 ದಾಟಿತು. ಆದರೂ ಗುತ್ತಿಗೆ ನೌಕರರ ಮೇಲೆ ಕಡ್ಡಾಯ ಹೇರೋದು ನನಗೆ ಒಪ್ಪಿಗೆಯಿಲ್ಲ, ಕೆಲಸ ಹೋಗೋ ಭಯಕ್ಕೆ ತೋಳು ಚಾಚೋದು ಒಪ್ಪಿಗೆ ಅಲ್ಲ. ಬೇಡ ಅಂದವರಿಂದ ಕಾರಣ ಗುರುತು ಹಾಕಿಸಿ ಸಹಿ ತಗೊಳ್ಳಿ. ಯಾವ ವಾರ್ಡಿನಲ್ಲಿ ಯಾವ ಭಯ ಇದೆ ಅಂತ ತಿಳಿಯುತ್ತೆ. ದೊಡ್ಡ ಡಾಕ್ಟರು ನರ್ಸಿಂಗ್ ಸ್ಟೇಷನ್‌ನಲ್ಲೇ, ಎಲ್ಲರ ಎದುರಿಗೆ ಹಾಕಿಸಿಕೊಳ್ಳಲಿ.

ಪ್ರಶ್ನೆ ಕೇಳಿದವರು: ಗರ್ಭಿಣಿ ನರ್ಸ್‌ಗಳು? ಮೊಟ್ಟೆ ಅಲರ್ಜಿ ಇರೋರು?

ಉತ್ತರ 1: ಗರ್ಭಿಣಿಯರಿಗೆ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಡಲೇಬೇಕು, ಫ್ಲೂ ಬಂದರೆ ಅವರಿಗೇ ಅಪಾಯ ಜಾಸ್ತಿ. ಮೊಟ್ಟೆ ಅಲರ್ಜಿ ಅಡ್ಡಿಯಲ್ಲ. ಹಿಂದೆ ಫ್ಲೂ ಲಸಿಕೆಗೇ ಉಸಿರು ಕಟ್ಟುವಂಥ ತೀವ್ರ ಅಲರ್ಜಿ ಆಗಿದ್ದವರಿಗೆ ಬೇಡ.