ಅಪ್‌ಡೇಟ್: 4 ಜಿಬಿಗೆ ನಿಲ್ಲುತ್ತಿದ್ದ ಡಿಸ್ಕ್ ಇಮೇಜ್ ಕೊನೆಗೂ ಮುಗಿಯಿತು

ಹೋದ ವಾರ ಕೇಳಿದ್ದೆನಲ್ಲ, ಇಡೀ ಹಾರ್ಡ್ ಡಿಸ್ಕಿನ ಇಮೇಜ್ (ವಿಂಡೋಸ್ ಸಮೇತ ಡಿಸ್ಕಿನಲ್ಲಿರುವುದೆಲ್ಲದರ ಬ್ಯಾಕಪ್, ಒಂದೇ ಫೈಲಿನಲ್ಲಿ) ತೆಗೆಯಲು ಹೋದರೆ ಪ್ರತಿ ಸಲ ಸರಿಯಾಗಿ 4 ಜಿಬಿಗೆ ಬಂದು ನಿಂತುಬಿಡುತ್ತದೆ, ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ 700 ಜಿಬಿ ಖಾಲಿ ಇದ್ದರೂ ಜಾಗ ಸಾಲದು ಅನ್ನುತ್ತದೆ ಅಂತ. ಕಾರಣ ಸಿಕ್ಕಿತು. ನೀವು ಹೇಳಿದ್ದೇ ಸರಿ, ಆ ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32ರಲ್ಲಿ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಹಳೇ ಪದ್ಧತಿ) ಫಾರ್ಮ್ಯಾಟ್ ಆಗಿತ್ತು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗೇ ಇಲ್ಲ, ಜಾಗ ಎಷ್ಟಿದ್ದರೇನು! ನಾನು ಸುಮ್ನೆ ಇಮೇಜ್ ತೆಗೆಯುವ ಸಾಫ್ಟ್‌ವೇರನ್ನು ಬೈದುಕೊಂಡು ಮೂರು ಸಲ ತೆಗೆದು ಮತ್ತೆ ಹಾಕಿದ್ದೆ.

ಅದರಲ್ಲಿದ್ದ ಫೋಟೋಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ, ಈ 4 ಜಿಬಿ ಮಿತಿ ಇಲ್ಲದ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ರಾತ್ರಿ ಶುರು ಮಾಡಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಮುಗಿದಿತ್ತು. 180 ಜಿಬಿ ಡೇಟಾ, ಇಮೇಜ್ ಬರೀ 112 ಜಿಬಿ. ಖಾಲಿ ಜಾಗವನ್ನು ಸಾಫ್ಟ್‌ವೇರ್ ಕಾಪಿ ಮಾಡುವುದಿಲ್ಲ, ಸಾಲದ್ದಕ್ಕೆ ಕಂಪ್ರೆಸ್ ಬೇರೆ ಮಾಡುತ್ತದೆ.

ಇಮೇಜ್ ಇದೆ ಸರಿ, ವಿಂಡೋಸೇ ಏಳದಿದ್ದರೆ ಅದನ್ನು ಯಾವುದರಿಂದ ತೆರೆಯುತ್ತೀರಿ ಅಂತ ಒಬ್ಬರು ಕೇಳಿದ್ದಿರಿ. ಅದು ನನಗೆ ಹೊಳೆದೇ ಇರಲಿಲ್ಲ. ಅದೇ ಸಾಫ್ಟ್‌ವೇರಿನಿಂದ ರೆಸ್ಕ್ಯೂ ಪೆನ್‌ಡ್ರೈವ್ (ವಿಂಡೋಸ್ ಏಳದಿದ್ದರೂ ಕಂಪ್ಯೂಟರ್ ಶುರು ಮಾಡಲು) ಮಾಡಿ ಅದರಿಂದ ಬೂಟ್ ಮಾಡಿದೆ. ಮೊದಲ ಸಲ ಬೂಟ್ ಮೆನುವಿನಲ್ಲಿ (ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಪಟ್ಟಿ) ಪೆನ್‌ಡ್ರೈವ್ ಹೆಸರೇ ಇಲ್ಲ, ಆಮೇಲೆ ಸಿಪಿಯು ಡಬ್ಬದ ಹಿಂದಿನ ಯುಎಸ್‌ಬಿ ಪೋರ್ಟಿಗೆ ಹಾಕಿದರೆ ಬಂತು, ಯಾಕೋ ಏನೋ. ಇಮೇಜ್ ಕಾಣಿಸಿತು, ಅದು ಕೆಟ್ಟಿಲ್ಲವೇ ಅಂತ ನೋಡುವ ವೆರಿಫೈ ಕೂಡ ಪಾಸಾಯಿತು.

ರಿಸ್ಟೋರ್ (ಇಮೇಜನ್ನು ವಾಪಸ್ ಡಿಸ್ಕಿಗೆ ಬರೆಯುವುದು) ಮಾತ್ರ ಇನ್ನೂ ಮಾಡಿ ನೋಡಿಲ್ಲ. ಕಂಪ್ಯೂಟರಿನಲ್ಲಿ ಇರುವ ಒಂದೇ ಡಿಸ್ಕಿನ ಮೇಲೆ ಆ ಪ್ರಯೋಗ ಮಾಡುವಷ್ಟು ಧೈರ್ಯ ನನಗಿಲ್ಲ, ಯಾವುದಾದರೂ ಹಳೇ ಡಿಸ್ಕ್ ಸಿಕ್ಕರೆ ಅದರ ಮೇಲೆ ಮಾಡಿ ಮತ್ತೆ ಬರೆಯುತ್ತೇನೆ.